ಉದ್ಯಮಬಾಗ–ಮಚ್ಛೆಗೆ ಡಾರ್ಕ್ ಫೈಬರ್ ಮ್ಯಾಲ ಬಿಸಿನೆಸ್ ಇಂಟರ್ನೆಟ್: ಆರು ಕೋರ್ ಖಾಲಿ ಅದಾವ, ಹ್ಯಾಂಗ ಕಟ್ಟೋದು?

ಉದ್ಯಮಬಾಗ_ಘಟಕ
ವಿಷಯ ಹಿಂಗೈತ್ರಿ. ಎನ್‌ಎಚ್ 48ರ ಬದಿಯ ಒಂದು ಪಾಪ್‌ನಿಂದ (ಇಂಟರ್ನೆಟ್ ಸಂಪರ್ಕ ಸಿಗೋ ಕೇಂದ್ರ) ಬೆಳಗಾವಿ ಊರಾಗ ಹಾದು, ಖಾನಾಪುರ ರಸ್ತೆ ಹಿಡಿದು ಉದ್ಯಮಬಾಗ, ಅಲ್ಲಿಂದ ಮಚ್ಛೆ ತನಕ 24 ಕೋರ್‌ನ ಹಳೇ ಭೂಗತ ಕೇಬಲ್ ಐತಿ. ಅದರಾಗ ಖಾಲಿ ಇರೋ 6 ಕೋರ್ (ಬೆಳಕು ಹಾಯಿಸದ ಗಾಜಿನ ಎಳಿ, ಇದಕ್ಕ ಡಾರ್ಕ್ ಫೈಬರ್ ಅಂತಾರ) ಬಾಡಿಗಿಗೆ ಕೊಡ್ತೇವಿ ಅಂತ ಕೇಬಲ್ ಮಾಲೀಕರು ಅಂದಾರ. ರೂಟ್ 14 ಕಿಮೀ ಅಂತ ಪತ್ರದಾಗ ಐತಿ. ಮೊದಲ ಹಂತಕ್ಕ ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ಸ್ ಘಟಕ ಕೂಡಿ 40 ಗ್ರಾಹಕರು. ಕ್ಯಾಡ್ ಫೈಲ್ ಕಳಸೋದು, ಇಆರ್‌ಪಿ, ಸಿಸಿಟಿವಿ, ವಿಪಿಎನ್ ಇವು ಮುಖ್ಯ ಬಳಕಿ. ಎಲ್ಲಾರಿಗೂ ಸ್ಟ್ಯಾಟಿಕ್ ಐಪಿ ಬೇಕು. ಎರಡೂ ತುದಿಗೆ 10ಜಿ ಎಲ್‌ಆರ್ ಮಾಡ್ಯೂಲ್ (ಬೆಳಕು ಕಳಸಿ ಹಿಡಿಯೋ, 10 ಕಿಮೀ ದರ್ಜೆಯ ತುಂಡು) ಹಾಕಿದ್ರ ಸಾಕೇನು? ಸ್ವಿಚ್ ಯಾವುದು ತಗೋಬೇಕು?

ಓಟಿಡಿಆರ್_ನವನಗರ
ಸ್ವಿಚ್‌ನ ಮಾತು ಕೊನೆಗೆ ಇರಲಿ. ಮೊದಲು ಲೆಕ್ಕ ಹಾಕಿ. ರೂಟ್ 14 ಕಿಮೀ ಅಂದರೆ ಕೇಬಲ್‌ನೊಳಗಿನ ಫೈಬರ್ ಅದಕ್ಕಿಂತ ಉದ್ದ ಇರುತ್ತದೆ. ಪ್ರತಿ ಜಾಯಿಂಟ್ ಚೇಂಬರ್‌ನಲ್ಲಿ 10–20 ಮೀಟರ್ ಲೂಪ್ ಬಿಟ್ಟಿರುತ್ತಾರೆ, ಟ್ಯೂಬ್‌ಗಳು ಕೇಬಲ್‌ನೊಳಗೆ ಸುತ್ತಿಕೊಂಡು ಸಾಗುತ್ತವೆ. ಸದ್ಯಕ್ಕೆ 15 ಕಿಮೀ ಹಿಡಿಯಿರಿ.

1310 ಎನ್‌ಎಂ ತರಂಗದಲ್ಲಿ ಬೆಳಕಿನ ನಷ್ಟ ಕಿಲೋಮೀಟರಿಗೆ 0.35 ಡಿಬಿಯಂತೆ 5.25. 2 ಕಿಮೀ ಡ್ರಮ್ ಲೆಕ್ಕದಲ್ಲಿ ಎರಡೂ ತುದಿಯ ಪಿಗ್‌ಟೇಲ್ ಸೇರಿ 9 ಸ್ಪ್ಲೈಸ್ (ಎಳೆ ಬೆಸೆದ ಜಾಗ), ತಲಾ 0.1ರಂತೆ 0.9. ಉದ್ಯಮಬಾಗದಲ್ಲಿ ನಡುವೆ ಪ್ಯಾಚ್ ಮಾಡುವುದಾದರೆ 4 ಕನೆಕ್ಟರ್ ಜೋಡಿ, ತಲಾ 0.5ರಂತೆ 2. ಒಟ್ಟು 8.2 ಡಿಬಿ. ಎಲ್‌ಆರ್ ಮಾನದಂಡದಲ್ಲಿ ಕನಿಷ್ಠ ಕಳುಹಿಸುವ ಶಕ್ತಿ -8.2 ಡಿಬಿಎಂ, ಸ್ವೀಕರಿಸುವ ಮಿತಿ -14.4. ಕೈಗೆ ಸಿಗುವುದು 6.2 ಡಿಬಿ ಮಾತ್ರ. ಸಾಲುವುದಿಲ್ಲ.

1550ಕ್ಕೆ ಹೋದರೆ ಕಿಲೋಮೀಟರಿಗೆ 0.22ರಂತೆ 3.3, ಮೇಲೆ ಅದೇ 2.9, ಒಟ್ಟು 6.2. ಮುಂದಿನ ವರ್ಷಗಳ ರಿಪೇರಿಗೆ 3 ಡಿಬಿ ಎತ್ತಿಟ್ಟರೆ 9.2. ಇಆರ್ (40 ಕಿಮೀ ದರ್ಜೆಯ) ಮಾಡ್ಯೂಲ್ ಕೊಡುವುದು -4.7ರಿಂದ -15.8ರ ವರೆಗೆ, ಅಂದರೆ 11.1. ಇದು ನಿಮ್ಮ ದಾರಿಗೆ ಸರಿಯಾದದ್ದು.

ಲಿಂಕ್_ಅಪ್_ಗೋಕಾಕ
ಎಲ್‌ಆರ್ ಮಾಡ್ಯೂಲ್ 15 ಕಿಮೀಗೆ ಹತ್ತೂದಿಲ್ಲ ಅನ್ನೋದು ಪೂರ್ತಿ ಖರೇ ಅಲ್ಲ ಸರ್. ಪೇಟ್ಯಾಗ ಬರೋ ಬಹಳಷ್ಟು ಎಲ್‌ಆರ್ -2, -3 ಡಿಬಿಎಂ ಕಳಸ್ತಾವ. -2ರಿಂದ 8.2 ಕಳದ್ರ -10.2. ಲಿಂಕ್ ಬರತೈತಿ, ಎರರ್‌ನೂ ಇರೂದಿಲ್ಲ.

ಓಟಿಡಿಆರ್_ನವನಗರ
ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಮಾಡ್ಯೂಲ್ ಸುಟ್ಟು, ರಾತ್ರಿ ಸ್ಟಾಕ್‌ನಿಂದ ತೆಗೆದ ಇನ್ನೊಂದು -7 ಡಿಬಿಎಂ ಕಳುಹಿಸಿದರೆ? ಅದೂ ಮಾನದಂಡದೊಳಗಿನದೇ, ಕಂಪನಿ ಬದಲಿ ಕೊಡುವುದಿಲ್ಲ. -15.2ಕ್ಕೆ ಲಿಂಕ್ ಬರುವುದೇ ಇಲ್ಲ. ಕೆಟ್ಟ ಮಾಡ್ಯೂಲ್‌ಗೂ ನಡೆಯುವಂತೆ ಲೆಕ್ಕ ಹಾಕಿದರೆ ಮಾತ್ರ 40 ಕಾರ್ಖಾನೆಗಳಿಗೆ ಮಾತು ಕೊಡಬಹುದು.

ಉಲ್ಟಾ ತಪ್ಪೂ ಆಗುತ್ತದೆ. ‘ದೊಡ್ಡದೇ ಇರಲಿ’ ಅಂತ 80 ಕಿಮೀ ಝಡ್‌ಆರ್ ಹಾಕಬೇಡಿ. ಅದು 0ಯಿಂದ +4 ಡಿಬಿಎಂ ಕಳುಹಿಸುತ್ತದೆ, ಸ್ವೀಕರಿಸುವ ತುದಿ -7ಕ್ಕಿಂತ ಹೆಚ್ಚು ಬೆಳಕು ತಡೆಯುವುದಿಲ್ಲ. 6.2 ಡಿಬಿ ನಷ್ಟದ ದಾರಿಯಲ್ಲಿ ನೇರ ಹಾಕಿದರೆ ರಿಸೀವರ್ ಸುಡಬಹುದು. ಇಆರ್‌ಗೂ ಮೇಲ್ಮಿತಿ ಇದೆ, -1 ಡಿಬಿಎಂ. ಉದ್ಯಮಬಾಗ ನೋಡ್ ಪಾಪ್‌ಗೆ ಹತ್ತಿರ, ಅಲ್ಲಿ ನಷ್ಟ 5 ಡಿಬಿಗಿಂತ ಕಡಿಮೆ ಬರಬಹುದು. 5 ಡಿಬಿಯ ಫಿಕ್ಸೆಡ್ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ತುಂಡು) ನಾಲ್ಕು ತರಿಸಿಡಿ. ಅದನ್ನು ಹಾಕುವ ಜಾಗ ಆರ್‌ಎಕ್ಸ್ (ಸ್ವೀಕರಿಸುವ) ಬದಿ.

ಕಾಗದ_ಪತ್ರ_ವಿಜಯಪುರ
ಬೆಳಕು ಹರಿಸುವ ಮೊದಲು ಹಕ್ಕಿನ ಪ್ರಶ್ನೆ ಇದೆ. ಐಪಿ-1 (ಮೂಲಸೌಕರ್ಯ ಒದಗಿಸುವವರ) ನೋಂದಣಿ ಇರುವವರು ಡಾರ್ಕ್ ಫೈಬರ್, ಡಕ್ಟ್ (ಕೇಬಲ್ ಕೊಳವೆ), ಟವರ್ ಇಂಥವನ್ನು ಟೆಲಿಕಾಂ ಲೈಸೆನ್ಸ್ ಇರುವವರಿಗಷ್ಟೇ ಗುತ್ತಿಗೆ ಕೊಡಬಹುದು. ಕೈಗಾರಿಕಾ ಸಂಘವೊಂದು ಕೋರ್ ಬಾಡಿಗೆ ಹಿಡಿದು ಸದಸ್ಯರಿಗೆ ಇಂಟರ್ನೆಟ್ ಮಾರಲು ಬರುವುದಿಲ್ಲ. ಐಎಸ್‌ಪಿ (ಇಂಟರ್ನೆಟ್ ಸೇವಾದಾರರ) ಲೈಸೆನ್ಸ್‌ನಲ್ಲಿ ಎ ವರ್ಗ ಇಡೀ ದೇಶಕ್ಕೆ, ಬಿ ವರ್ಗ ಟೆಲಿಕಾಂ ಸರ್ಕಲ್‌ಗೆ, ಸಿ ವರ್ಗ ಎಸ್‌ಎಸ್‌ಎ (ಸುಮಾರು ಜಿಲ್ಲೆಯಷ್ಟು ಪ್ರದೇಶ) ಮಟ್ಟಕ್ಕೆ. 2023ರ ದೂರಸಂಪರ್ಕ ಕಾಯ್ದೆ ಲೈಸೆನ್ಸ್ ಬದಲು ಅಧಿಕಾರ ನೀಡಿಕೆಯ ಪದ್ಧತಿ ತಂದಿದೆ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ನೋಡಿಯೇ ಹೆಜ್ಜೆ ಇಡಿ. ಲೈಸೆನ್ಸ್ ಹೊರೆ ಬೇಡ ಅಂದರೆ ಲೈಸೆನ್ಸ್ ಇರುವ ಐಎಸ್‌ಪಿ ಜೊತೆ ಕೈಜೋಡಿಸಿ: ಫೈಬರ್ ಕರಾರು ಮತ್ತು ಬಿಲ್ ಅವರ ಹೆಸರಿನಲ್ಲಿ, ಕೊನೆಯ ಮೈಲಿ ಮತ್ತು ನಿರ್ವಹಣೆ ನಿಮ್ಮದು.

ಸ್ಪ್ಲೈಸ್_ಟ್ರೇ
ಹಣ ಕೊಡೂ ಮುಂಚೆ ಆರೂ ಕೋರ್ ಅಳೀರಿ. ಎರಡು ಕೋರ್ ಅಳದು ‘ಉಳದವೂ ಹಿಂಗ ಇರ್ತಾವ’ ಅಂದ್ರ ಒಪ್ಪಬ್ಯಾಡ್ರಿ. ಅಳತಿ ಹಿಂಗ ಆಗಬೇಕು.

ಮೊದಲು ಓಡಿಎಫ್‌ನ (ಕೇಬಲ್ ಎಳಿ ಬಂದು ಸೇರೋ ಫಲಕ) ಕನೆಕ್ಟರ್ ಬಣ್ಣ ನೋಡ್ರಿ. ಹಸಿರು ಅಂದ್ರ ಎಪಿಸಿ, ತುದಿ 8 ಡಿಗ್ರಿ ಓರಿ ಇರತೈತಿ. ನೀಲಿ ಅಂದ್ರ ಯುಪಿಸಿ. ಹಸಿರಿಗೆ ನೀಲಿ ಚುಚ್ಚಿದ್ರ ನಡುವ ಸಂದ ಉಳೀತೈತಿ, ನಷ್ಟ ಹಲವು ಡಿಬಿ ಆಗತೈತಿ, ತುದಿಗೂ ಗೀರು ಬೀಳ್ತಾವ. ಆಮ್ಯಾಲ ಪ್ರತಿ ತುದಿ ಸ್ಕೋಪಿನಾಗ ನೋಡಿ, ಒನ್ ಕ್ಲಿಕ್ ಕ್ಲೀನರ್‌ಲೆ ಒರಸಿ, ಮತ್ತ ನೋಡಬೇಕು. ಕೋರ್‌ನ ಬೆಳಕು ಹಾಯೋ ಭಾಗ ಬರೀ 9 ಮೈಕ್ರಾನ್. ಅದರ ಮ್ಯಾಲ ಒಂದು ಧೂಳಿನ ಕಣ ಕೂತ್ರ ಓಟಿಡಿಆರ್ (ಬೆಳಕು ಹಾಯಿಸಿ ನಷ್ಟ ಎಲ್ಲೈತಿ ತೋರಸೋ ಯಂತ್ರ) ಗೆರಿ ಮೊದಲ ಮೀಟರಿನಾಗ ಹಾಳು. ಉರಿಯೋ ಕೋರ್‌ಗೆ ಬರಿಗಣ್ಣು ಹಚ್ಚಬ್ಯಾಡ್ರಿ, 1550 ಕಣ್ಣಿಗೆ ಕಾಣೂದಿಲ್ಲ, ಆದ್ರ ಸುಡತೈತಿ.

ಓಟಿಡಿಆರ್‌ಗೆ 1 ಕಿಮೀ ಲಾಂಚ್ ಫೈಬರ್ ಹಚ್ಚರಿ, ಆಚಿ ತುದಿಗೂ ಅಷ್ಟ ಉದ್ದದ್ದು. ಇಲ್ಲಾಂದ್ರ ಮೊದಲ ಮತ್ತು ಕೊನೇ ಕನೆಕ್ಟರ್ ಎರಡೂ ಡೆಡ್ ಝೋನ್‌ನಾಗ (ಯಂತ್ರಕ್ಕ ಕಾಣದ ಭಾಗ) ಮುಚ್ಚಿ ಹೋಗ್ತಾವ. ಪಲ್ಸ್ 100 ನ್ಯಾನೋಸೆಕೆಂಡ್, ಆವರೇಜಿಂಗ್ 2–3 ನಿಮಿಷ. 1310, 1550 ಎರಡರಾಗೂ, ಎರಡೂ ತುದಿಯಿಂದ. ಒಂದೇ ತುದಿಯಿಂದ ಅಳದ್ರ ಕೆಲವು ಸ್ಪ್ಲೈಸ್ ಬೆಳಕು ಹೆಚ್ಚು ಮಾಡ್ದಂಗ ಕಾಣ್ತಾವ. ಅದು ಎರಡು ಬ್ಯಾಚಿನ ಫೈಬರ್ ಕೂಡಿದ ಜಾಗ, ಎರಡೂ ಕಡೆ ಓದಿ ಸರಾಸರಿ ತಗದಾಗ ಖರೇ ನಷ್ಟ ತಿಳೀತೈತಿ. ಸರಾಸರಿ 0.1 ದಾಟಿದ್ರ ಆ ಸ್ಪ್ಲೈಸ್ ಮತ್ತ ಮಾಡಿ ಕೊಡ್ರಿ ಅನ್ರಿ. ಸ್ಕ್ರೀನ್‌ಶಾಟ್ ಒಪ್ಪಬ್ಯಾಡ್ರಿ, ಎಸ್‌ಓಆರ್ ಫೈಲೇ (ಅಳತಿಯ ಮೂಲ ದಾಖಲೆ) ಇಸಗೋರಿ.

ಕೊನೀಗೆ ಲೈಟ್ ಸೋರ್ಸ್, ಪವರ್ ಮೀಟರ್ ಹಿಡದು ಕೋರ್ ನಂಬರ್ ಒಂದೊಂದಾಗಿ ತಾಳಿ ನೋಡ್ರಿ. ಹಳೇ ಕೇಬಲ್ ರಿಪೇರಿ ಮಾಡುವಾಗ ಟ್ಯೂಬ್ ಅದಲು ಬದಲು ಆಗಿರ್ತಾವ. ಇಲ್ಲಿ 3 ಅಂದದ್ದು ಅಲ್ಲಿ 5 ಆಗಿ ಹೊಂಡಬಹುದು.

ಎರೆಭೂಮಿ_ಬಿಜಾಪುರ
ಭೂಮಿ ಬಗ್ಗೆ ಒಂದು ಮಾತು. ಮಾನದಂಡದ ಆಳ 1.65 ಮೀಟರ್, ಮ್ಯಾಲ 40 ಮಿಮೀ ಹೊರವ್ಯಾಸದ ಎಚ್‌ಡಿಪಿಇ ಡಕ್ಟ್. ಕಲ್ಲು ಬಂದಲ್ಲಿ ಅರ್ಧ ಮೀಟರ್ ತೋಡಿ ಮುಚ್ಚಿರೋದು ಎಲ್ಲಾ ಕಡೆ ಐತಿ. ನಮ್ಮ ವಿಜಯಪುರ, ಬಾಗಲಕೋಟೆ ಎರೀ ಮಣ್ಣಿನಾಗ ತೊಂದ್ರಿ ಬ್ಯಾರೆ: ಬ್ಯಾಸಗ್ಯಾಗ ಬಿರಕ ಬಿಡತೈತಿ, ಮಳಿಗಾಲಕ್ಕ ಉಬ್ಬತೈತಿ, ಡಕ್ಟ್ ಕಪ್ಲರ್ ಎಳಕೊಂಡು ಬಿಚ್ಚತಾವ, ಚೇಂಬರ್ ವಾಲ್ತಾವ, ಒಳಗ ಕೇಬಲ್ ಮುರಿದು ಕೂಡತೈತಿ. ಬೆಳಗಾವ್ಯಾಗ ಅದಕ್ಕಿಂತ ನೀರಿನ ಕಾಟ ಹೆಚ್ಚು. ಖಾನಾಪುರ ಬದಿ ಮಳಿಗೆ ಚೇಂಬರ್ ತುಂಬಿ, ಸೀಲ್ ಹೋದ ಕ್ಲೋಜರ್‌ನೊಳಗ (ಸ್ಪ್ಲೈಸ್ ಇಡೋ ಡಬ್ಬಿ) ನೀರು ನಿಲ್ಲತೈತಿ. ಅಳತಿ ಮೇ ತಿಂಗಳಾಗ ಒಂದು, ಆಗಸ್ಟ್‌ನಾಗ ಒಂದು ಮಾಡ್ರಿ. ಎರಡೂ ಗೆರಿ ಒಂದರ ಮ್ಯಾಲ ಒಂದು ಇಟ್ಟು ನೋಡಿದ್ರ ಯಾವ ಕ್ಲೋಜರ್ ಸೋರತೈತಿ ಗೊತ್ತಾಗತೈತಿ.

ಕಂಬದ ಮ್ಯಾಲಿಂದ ಗ್ರಾಹಕರಿಗೆ ಎಳೆಯೋ ಡ್ರಾಪ್ ಇದ್ರ ರಸ್ತೆ ದಾಟೋ ಕಡೆ 6 ಮೀಟರ್ ಕೆಳಗ ಇರಬಾರದು. ಕಬ್ಬಿನ ಹಂಗಾಮಿನಾಗ ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ ಹೇರಿದ ಕಬ್ಬು ಕೇಬಲ್ ಹಿಡಕೊಂಡ ಹೋಗತೈತಿ. ಒಂದು ಎಳತಕ್ಕ ಮೂರು ಕಂಬದ ಕ್ಲ್ಯಾಂಪ್ ಕಿತ್ತ ಬರ್ತಾವ.

ಉದ್ಯಮಬಾಗ_ಘಟಕ
6 ಕೋರ್ ಅಂದ್ರ ಮೂರು ಜೋಡಿ. ಒಂದು ಜೋಡಿ ಓಡಿಸಿ, ಇನ್ನೊಂದು ಬ್ಯಾಕಪ್ ಇಟ್ಟು, ಮೂರನೇದು ಮುಂದಿನ ಬೆಳವಣಿಗಿಗೆ ಅಂತ ವಿಚಾರ. ಸರಿ ಐತೇನ್ರಿ?

ರಿಂಗ್_ಮಾಸ್ತರ
ಬ್ಯಾಕಪ್ ಅನ್ನೋ ಪದ ಅಲ್ಲಿ ಬಳಸಬೇಡಿ. ಒಂದೇ ಕೇಬಲ್‌ನ ಎರಡು ಜೋಡಿಗೆ ಜೆಸಿಬಿ ಬಕೆಟ್ ಒಂದೇ. ಎರಡನೇ ಜೋಡಿ ಕಾಪಾಡುವುದು ಮಾಡ್ಯೂಲ್ ಕೆಟ್ಟಾಗ, ಒಂದು ಪ್ಯಾಚ್ ಕಾರ್ಡ್ ಮುರಿದಾಗ, ಅಷ್ಟೇ.

ಖರೇ ರಿಂಗ್ (ಒಂದು ಕಡಿದರೆ ಇನ್ನೊಂದು ದಾರಿ) ಬೇಕಾದರೆ ಬೇರೆ ಮಾಲೀಕರ ಬೇರೆ ದಾರಿ ಹುಡುಕಿ. ಹುಡುಕುವಾಗ ನಕ್ಷೆಯಲ್ಲಿ ಬೇರೆ ಬಣ್ಣ ಇದೆ ಅಂತ ಸಮಾಧಾನ ಆಗಬೇಡಿ. ಊರಿನ ಉತ್ತರದಿಂದ ಖಾನಾಪುರ ರಸ್ತೆಗೆ ಬರುವ ಕೇಬಲ್ ಎಲ್ಲೋ ಒಂದು ಕಡೆ ರೈಲು ಹಳಿ ದಾಟಲೇಬೇಕು. ಎರಡೂ ಕಂಪನಿಯ ಕೇಬಲ್ ಮೂರನೇ ರೈಲ್ವೆ ಗೇಟ್ ಹತ್ತಿರ ಅಕ್ಕಪಕ್ಕದ ಪೈಪಿನಲ್ಲೇ ದಾಟಿದರೆ ಆ ಜಾಗದಲ್ಲಿ ನಿಮ್ಮ ರಿಂಗ್ ಒಂದೇ ದಾರಿ. ಇಬ್ಬರಿಂದಲೂ ಕೆಎಂಝಡ್ (ದಾರಿಯ ನಕ್ಷೆ) ಫೈಲ್ ಇಸಿದುಕೊಂಡು ಒಂದೇ ನಕ್ಷೆಯ ಮೇಲೆ ಹಾಕಿ, ಹಳಿ, ನಾಲಾ ಸೇತುವೆ, ಹೆದ್ದಾರಿ ಅಂಡರ್‌ಪಾಸ್ ಈ ಮೂರನ್ನು ನಡೆದು ನೋಡಿ. ಇಬ್ಬರೂ ಒಬ್ಬರೇ ಮೂರನೆಯವರ ಡಕ್ಟ್ ಬಾಡಿಗೆ ಹಿಡಿದಿರುವುದು ಅಪರೂಪವೇನಲ್ಲ.

ಲಿಂಕ್_ಅಪ್_ಗೋಕಾಕ
ಎರಡನೇ ಫೈಬರ್ ಸಿಗೂ ತನಕ 5 ಗಿಗಾಹರ್ಟ್ಜ್ ರೇಡಿಯೋ ಹಾಕಬಹುದು. 2018ರ ಮ್ಯಾಲ ಅದಕ್ಕ ಲೈಸೆನ್ಸ್ ಬ್ಯಾಡ, ಶಕ್ತಿ ಮಿತಿ ಪಾಲಿಸಿದ್ರ ಆತು. 10ಜಿ ಕೊಡೂದಿಲ್ಲ, 300–400 ಎಂಬಿಪಿಎಸ್ ಕೊಡತೈತಿ. ಕೇಬಲ್ ಕಡದ ಹೊತ್ತಿಗೆ ಇಆರ್‌ಪಿ, ಇಮೇಲ್ ನಡೀತಾವ, ಸಿಸಿಟಿವಿ ಅಪ್‌ಲೋಡ್ ನಿಲ್ಲಿಸಬೇಕು. ಅದಕ್ಕ ಕ್ಯೂಒಎಸ್ (ಯಾವ ಟ್ರಾಫಿಕ್ ಮುಂದ ಅನ್ನೋ ನಿಯಮ) ಮೊದಲೇ ಬರದಿಡ್ರಿ, ಕಡದಾಗ ಬರಿಯಾಕ ಕೂಡಬ್ಯಾಡ್ರಿ. 70–80 ಗಿಗಾಹರ್ಟ್ಜ್‌ನ ಉಪಕರಣ ತೋರಿಸಿ ಮಾರಾಕ ಬಂದ್ರ ಬೆಳಗಾವಿ ಜುಲೈ ಮಳಿ ನೆನಪಿಡ್ರಿ. ಆ ಬ್ಯಾಂಡ್ ಮಳಿಯಾಗ ಕಿಲೋಮೀಟರಿಗೆ ಹತ್ತಾರು ಡಿಬಿ ಕಳಕೊಳ್ಳತೈತಿ.

ಓಟಿಡಿಆರ್_ನವನಗರ
ಬೆಳವಣಿಗೆಗೆ ಮೂರನೇ ಜೋಡಿ ಹಿಡಿಯುವ ಬದಲು ಒಂದೇ ಜೋಡಿಯ ಮೇಲೆ 8 ಚಾನೆಲ್ ಸಿಡಬ್ಲ್ಯೂಡಿಎಂ (ಬೇರೆ ಬೇರೆ ತರಂಗ ಒಟ್ಟಿಗೆ ಕಳುಹಿಸುವ ಪದ್ಧತಿ) ಹಾಕುವುದು ಬಹಳ ಸಲ ಅಗ್ಗ. ತರಂಗ ಕೂಡಿಸುವ ಮಕ್ಸ್‌ಗೆ ಕರೆಂಟೇ ಬೇಡ. 1470ರಿಂದ 1610ರ ವರೆಗಿನ ಚಾನೆಲ್ ತಗೊಳ್ಳಿ. ಹಳೇ ಫೈಬರ್ ಜಿ.652ಡಿ ದರ್ಜೆಯದಲ್ಲದೆ ಮುಂಚಿನದ್ದಾದರೆ 1383ರ ಸುತ್ತ ನೀರಿನ ಅಂಶ ಬೆಳಕು ಹೀರುತ್ತದೆ. ಎರಡು ತುದಿಯ ಮಕ್ಸ್‌ಗೆ 4 ಡಿಬಿ, ಅಂಚಿನ ತರಂಗಕ್ಕೆ ಕಿಲೋಮೀಟರಿಗೆ 0.27 ಹಿಡಿದರೆ 15 ಕಿಮೀಗೆ ಒಟ್ಟು 11, ರಿಪೇರಿ ಪಾಲು ಸೇರಿ 14. ಹಾಗಾಗಿ 40 ಕಿಮೀ ದರ್ಜೆಯದು ಅಂಚಿಗೆ ಬರುತ್ತದೆ, 80 ಕಿಮೀ ದರ್ಜೆಯದು ತಗೊಂಡು ಅಟೆನ್ಯುಯೇಟರ್ ಹಾಕಿ.

ಕೊನೇ_ಮೈಲಿ
ಗ್ರಾಹಕರ ಕಡೆ ಬರ್ತೀನಿ. 40 ಘಟಕಕ್ಕೂ ಪ್ರತ್ಯೇಕ ಫೈಬರ್ ಎಳೆಯೋದು ಬ್ಯಾಡ. ಓಎಲ್‌ಟಿ (ಒಂದು ಫೈಬರ್‌ಲೆ ಹಲವು ಗ್ರಾಹಕರಿಗೆ ಬೆಳಕು ಹಂಚೋ ಯಂತ್ರ) ಉದ್ಯಮಬಾಗದಾಗ ಇಡ್ರಿ, ಪಾಪ್‌ನಾಗ ಅಲ್ಲ. ಪಾಪ್‌ನಾಗ ಇಟ್ಟು 1:32 ಸ್ಪ್ಲಿಟ್ (ಒಂದು ಎಳಿ 32ಕ್ಕ ಹಂಚೋದು) ಮಾಡಿದ್ರ ಸ್ಪ್ಲಿಟರ್‌ಗೇ 17.5, ದಾರಿಗೆ 8.2, ಒಟ್ಟು 25.7. ಬಿ ಪ್ಲಸ್ ದರ್ಜೆಯ ಆಪ್ಟಿಕ್ಸ್‌ನ ಮಿತಿ 28. ಎರಡು ಕೆಟ್ಟ ರಿಪೇರಿ ಆದ್ರ ಕೊನೇ ಘಟಕ ಬಂದ್. ಉದ್ಯಮಬಾಗದಿಂದ 1:16 ಮಾಡಿದ್ರ 14 ಡಿಬಿ, ಮ್ಯಾಲ 3 ಕಿಮೀ ಫೈಬರ್, ಆರಾಮ.

ರಿಂಗ್_ಮಾಸ್ತರ
ಜಾಗದ ಮಾತು ಸರಿ, ಜಿಪಿಒಎನ್ (ಹೀಗೆ ಒಂದು ಫೈಬರ್ ಹಂಚುವ ಪದ್ಧತಿ) ಎಲ್ಲರಿಗೂ ಒಪ್ಪುವುದಿಲ್ಲ. ಡೌನ್‌ಲೋಡ್ 2.5 ಗಿಗಾಬಿಟ್, ಅಪ್‌ಲೋಡ್ 1.25, ಅದನ್ನು 16 ಜನ ಹಂಚಿಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಅಪ್‌ಲೋಡ್ ಮಾಡಿದರೆ ತಲಾ 78 ಎಂಬಿಪಿಎಸ್. ಸಂಜೆ 6ಕ್ಕೆ ಶಿಫ್ಟ್ ಮುಗಿದು ಎಲ್ಲಾ ಘಟಕದ ಬ್ಯಾಕಪ್ ಒಮ್ಮೆಲೇ ಶುರುವಾಗುವ ಜಾಗ ಇದು. ಸಿಮೆಟ್ರಿಕ್ ವೇಗ ಕರಾರಿನಲ್ಲಿ ಬರೆದುಕೊಡುವ ಐದಾರು ದೊಡ್ಡ ಘಟಕಗಳಿಗೆ ನೇರ ಫೈಬರ್, 1ಜಿ ಬೈಡೈ (ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ) ಮಾಡ್ಯೂಲ್, ಒಂದೇ ಕೋರ್ ಸಾಕು. ಉಳಿದವರಿಗೆ ಹಂಚಿಕೊಳ್ಳುವ ಪಿಒಎನ್. ಸಾಧ್ಯವಾದರೆ ಎಕ್ಸ್‌ಜಿಎಸ್ (10 ಗಿಗಾಬಿಟ್ ಪಿಒಎನ್) ಕಾರ್ಡ್ ಹಾಕಲು ಜಾಗ ಇರುವ ಓಎಲ್‌ಟಿ. ಅದರ ತರಂಗ 1577 ಮತ್ತು 1270, ಹಾಗಾಗಿ ಅದೇ ಸ್ಪ್ಲಿಟರ್ ಮೇಲೆ ಜಿಪಿಒಎನ್ ಜೊತೆ ಕೂಡಿ ಓಡುತ್ತದೆ.

ಬಿಜಿಪಿ_ತಿಲಕವಾಡಿ
ಐಪಿ ಬದಿ ಚುಟುಕಾಗಿ. ಎಎಸ್ ನಂಬರ್ (ನಿಮ್ಮ ಜಾಲದ ಗುರುತು), ಐಪಿ ವಿಳಾಸ ಎರಡೂ ನಿಕ್ಸಿ ಸಂಸ್ಥೆಯ ನೋಂದಣಿ ವಿಭಾಗ ಐಆರ್‌ಐಎನ್‌ಎನ್‌ನಿಂದ. ಹೊಸಬರಿಗೆ ಐಪಿವಿ4 ಹೆಚ್ಚೆಂದರೆ /23, ಅಂದರೆ 512 ವಿಳಾಸ. 40 ಘಟಕಕ್ಕೆ /29 (ತಲಾ 8 ವಿಳಾಸ) ಹಂಚಿದರೆ 320 ಹೋಯಿತು. ಬೇಡಿದವರಿಗಷ್ಟೇ /29, ಉಳಿದವರಿಗೆ ಒಂದೊಂದು ಸ್ಟ್ಯಾಟಿಕ್, ಎಲ್ಲರಿಗೂ ಮೊದಲ ದಿನದಿಂದ ಐಪಿವಿ6. ವ್ಯಾಪಾರಿ ಗ್ರಾಹಕರಿಗೆ ಸಿಜಿನ್ಯಾಟ್ (ಒಂದೇ ವಿಳಾಸ ಹಲವರಿಗೆ) ಬೇಡ, ವಿಪಿಎನ್ ಮತ್ತು ಕ್ಯಾಮೆರಾ ದೂರು ಮುಗಿಯುವುದೇ ಇಲ್ಲ. /24ಕ್ಕಿಂತ ಸಣ್ಣ ತುಂಡು ಬಿಜಿಪಿಯಲ್ಲಿ (ಜಾಲಗಳು ಒಂದಕ್ಕೊಂದು ದಾರಿ ತಿಳಿಸುವ ಪದ್ಧತಿ) ಸಾರಿದರೆ ಬೇರೆಯವರು ತಿರಸ್ಕರಿಸುತ್ತಾರೆ. ಆರ್‌ಪಿಕೆಐ ಆರ್‌ಒಎ (ವಿಳಾಸ ನಿಮ್ಮದೇ ಎಂಬ ದೃಢೀಕರಣ) ಮಾಡಿ ಆಮೇಲೆ ಸಾರಿ.

ಅಪ್‌ಸ್ಟ್ರೀಮ್ (ನಿಮಗೆ ಇಂಟರ್ನೆಟ್ ಕೊಡುವವರು) ಇಬ್ಬರು, ಬೇರೆ ದಾರಿಯವರು. ಒಬ್ಬರು ಬೆಂಗಳೂರಿಗೆ, ಒಬ್ಬರು ಪುಣೆ–ಮುಂಬೈ ಕಡೆಗೆ ಒಯ್ಯುವಂತೆ ನೋಡಿ. ಬೆಂಗಳೂರು ಸುಮಾರು 500 ಕಿಮೀ. ಫೈಬರ್‌ನಲ್ಲಿ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್, ಹೋಗಿ ಬರಲು ಕನಿಷ್ಠ 5 ಮಿಲಿಸೆಕೆಂಡ್. 30 ಬಂದರೆ ದಟ್ಟಣೆ ಅಥವಾ ಸುತ್ತುದಾರಿ, ಕೇಳಿ.

ಒಳಗಿನ ದಾರಿಗೆ ಓಎಸ್‌ಪಿಎಫ್ (ದಾರಿ ಆರಿಸುವ ಪದ್ಧತಿ) ಮತ್ತು ಬಿಎಫ್‌ಡಿ (ಲಿಂಕ್ ಜೀವಂತವೇ ಎಂದು ನೋಡುವುದು), 300 ಮಿಲಿಸೆಕೆಂಡ್‌ಗೊಮ್ಮೆ, 3 ಸಲ ಉತ್ತರ ತಪ್ಪಿದರೆ ಲಿಂಕ್ ಬಿದ್ದಂತೆ. ಎರಡರಲ್ಲಿ ಒಂದು ಕೋರ್ ಮಾತ್ರ ಕಡಿದು, ಒಂದು ತುದಿ ‘ಅಪ್’ ಎಂದು ತೋರಿಸುತ್ತಲೇ ಟ್ರಾಫಿಕ್ ನುಂಗುವ ಸ್ಥಿತಿಯನ್ನು ಬಿಎಫ್‌ಡಿ ಹಿಡಿಯುತ್ತದೆ. ಕೋರ್ ಲಿಂಕ್ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಮಾಡಿ, ಪ್ರತಿ ಹಾಪ್‌ನಲ್ಲೂ ತಾಳೆ ನೋಡಿ. ಒಂದು ಸ್ವಿಚ್ 1500ರಲ್ಲಿ ಉಳಿದರೆ ಸಣ್ಣ ಪಿಂಗ್ ದಾಟುತ್ತದೆ, ಆದರೆ ಓಎಸ್‌ಪಿಎಫ್ ಎಕ್ಸ್‌ಸ್ಟಾರ್ಟ್ ಎಂಬ ಆರಂಭದ ಹಂತದಲ್ಲೇ ನಿಲ್ಲುತ್ತದೆ. ಮಾಡ್ಯೂಲ್‌ನ ಆರ್‌ಎಕ್ಸ್ ಓದನ್ನು ಎಸ್‌ಎನ್‌ಎಂಪಿಯಲ್ಲಿ (ಉಪಕರಣದ ಅಂಕಿ ದೂರದಿಂದ ಓದುವ ಪದ್ಧತಿ) 5 ನಿಮಿಷಕ್ಕೊಮ್ಮೆ ಎಳೆಯಿರಿ, ಆರಂಭದ ಓದಿಗಿಂತ 2 ಡಿಬಿ ಇಳಿದರೆ ಅಲಾರಂ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಲಾಗ್ 180 ದಿನ ಇಡಬೇಕು, ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಡಿಸ್ಕ್ ಲೆಕ್ಕ ಈಗಲೇ ಸೇರಿಸಿ.

ಸ್ಪ್ಲೈಸ್_ಟ್ರೇ
ಫೌಂಡ್ರಿ ಒಳಗ ಇನ್ನೊಂದು ಎಚ್ಚರಿಕಿ. ಉಸುಕು, ಗ್ರಾಫೈಟ್ ಪುಡಿ ಎಲ್ಲಾ ಕಡೆ ಹಾರಾಡತೈತಿ. ಟರ್ಮಿನೇಶನ್ ಬಾಕ್ಸ್ ಐಪಿ65 (ಧೂಳು ಹೊಗದ ದರ್ಜೆ), ಕರಗಿಸೋ ಶೆಡ್‌ನಾಗ ಬ್ಯಾಡ, ಆಫೀಸ್ ಬದಿ ಗೋಡಿಗೆ. ಗೇಟಿನಿಂದ ಒಳಗ ಆರ್ಮರ್ ಇಲ್ಲದ, ಲೋಹ ಇಲ್ಲದ ಕೇಬಲ್ ಹಾಕ್ರಿ. ಇಂಡಕ್ಷನ್ ಫರ್ನೇಸ್ ಬದಿ ಆರ್ಮರ್ ಕೇಬಲ್‌ಗೆ ಅರ್ಥಿಂಗ್ ತಪ್ಪಿದ್ರ ಓಎನ್‌ಟಿ (ಗ್ರಾಹಕರ ಕಡೆಯ ಪೆಟ್ಟಿಗಿ) ಪೋರ್ಟ್ ಸುಟ್ಟ ಹೋಗ್ತಾವ. ಫೈಬರ್‌ಗೆ ಫರ್ನೇಸ್‌ನಿಂದ ಏನೂ ಆಗೂದಿಲ್ಲ, ಸಾಯೋದು ಓಎನ್‌ಟಿಯ ಅಡಾಪ್ಟರ್. ಆನ್‌ಲೈನ್ ಯುಪಿಎಸ್ ಕೊಡ್ರಿ, ಆಫ್‌ಲೈನ್ ಅಲ್ಲ.

ನೋಡ್‌ಗೆ 48 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಫಾಸ್ಫೇಟ್. 250 ವ್ಯಾಟ್ ಲೋಡ್‌ಗೆ 80 ಶೇಕಡಾ ಬಳಸಿದ್ರ 15 ತಾಸು. ಸೀಸದ ಬ್ಯಾಟರಿ ಆದ್ರ ಅರ್ಧಕ್ಕಿಂತ ಕೆಳಗ ಇಳಿಸಬಾರದು, 9–10 ತಾಸಿಗೆ ಮುಗೀತು. ಬಿಸಿ 10 ಡಿಗ್ರಿ ಏರಿದ್ರ ಅದರ ಆಯುಷ್ಯ ಅರ್ಧ ಆಗತೈತಿ.

ಕಾಗದ_ಪತ್ರ_ವಿಜಯಪುರ
ಕರಾರಿಗೆ ಇವು ಬಿಡಬೇಡಿ. ಪ್ರತಿ ಕೋರ್‌ನ ತುದಿಯಿಂದ ತುದಿಗೆ ಗರಿಷ್ಠ ನಷ್ಟ 1550ರಲ್ಲಿ ಇಷ್ಟು ಡಿಬಿ ಎಂದು ಅಂಕಿಯಲ್ಲಿ ಬರೆಸಿ. ‘ಸುಸ್ಥಿತಿಯಲ್ಲಿ ಕೊಡಲಾಗುವುದು’ ಎಂಬ ವಾಕ್ಯಕ್ಕೆ ಬೆಲೆ ಇಲ್ಲ. ಕಡಿದಾಗ ಸರಿಪಡಿಸುವ ಸಮಯ ಯಾವ ಕ್ಷಣದಿಂದ ಎಣಿಸುವುದು, ನೀವು ದೂರು ಕೊಟ್ಟಾಗಲೋ ಅವರು ಟಿಕೆಟ್ ತೆರೆದಾಗಲೋ? ಬಾಡಿಗೆ ರೂಟ್ ಕಿಲೋಮೀಟರಿಗೋ ಫೈಬರ್ ಉದ್ದಕ್ಕೋ? ರಸ್ತೆ ಅಗಲ ಮಾಡಿ ಕೇಬಲ್ ಸರಿಸಬೇಕಾದರೆ ಖರ್ಚು ಯಾರದು, ಹೊಸ ದಾರಿ ಉದ್ದವಾದರೆ ಬಾಡಿಗೆ ಏರುತ್ತದೆಯೇ? ಓಡಿಎಫ್ ಕೋಣೆಗೆ ಹಗಲು ರಾತ್ರಿ ಪ್ರವೇಶ ಇದೆಯೇ, ಕೀಲಿ ಯಾರ ಬಳಿ? ರಿಪೇರಿ ಸ್ಪ್ಲೈಸ್ ಆದ ಮೇಲೆ ಹೊಸ ಎಸ್‌ಓಆರ್ ಫೈಲ್ ಕೊಡುವುದು ಅವರ ಹೊಣೆ ಎಂದೂ ಸೇರಿಸಿ.

ಇನ್ನೊಂದು: 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅಗೆಯುವವರು ಅದರಲ್ಲಿ ತಿಳಿಸಿದರೆ ಆ ಜಾಗದ ಕೇಬಲ್ ಮಾಲೀಕರಿಗೆ ಸುದ್ದಿ ಹೋಗುತ್ತದೆ. ಮಾಲೀಕರು ತಮ್ಮ ದಾರಿ ಅದರಲ್ಲಿ ದಾಖಲಿಸಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಆ ಷರತ್ತೂ ಕರಾರಿನಲ್ಲಿ ಇರಲಿ.

ಉದ್ಯಮಬಾಗ_ಘಟಕ
ಅಳತಿ ಆತು. ಲಾಂಚ್ ಫೈಬರ್ ಕಳದು ಉದ್ದ 17.3 ಕಿಮೀ ಬಂತು. ಕೋರ್ 1, 2, 4, 6: 1310ಕ್ಕ 7.9, 1550ಕ್ಕ 5.7 ಡಿಬಿ. ಕೋರ್ 3ರಾಗ 9.4 ಕಿಮೀ ಹತ್ರ 1310ಕ್ಕ 0.08, 1550ಕ್ಕ 0.62 ನಷ್ಟ. ಕೋರ್ 5 ಎರಡೂ ತರಂಗದಾಗ 11.6ಕ್ಕ ಮುಗದ ಹೋಗತೈತಿ. ಮತ್ತ 2 ಮತ್ತು 4 ಆಚಿ ತುದಿಗೆ ಅದಲು ಬದಲು ಅದಾವ.

ಸ್ಪ್ಲೈಸ್_ಟ್ರೇ
ಕೋರ್ 3 ಸ್ಪ್ಲೈಸ್ ಕೆಟ್ಟಿಲ್ಲ. ಸ್ಪ್ಲೈಸ್ ಕೆಟ್ರ ಎರಡೂ ತರಂಗಕ್ಕ ಹತ್ರ ಹತ್ರ ಅಷ್ಟ ನಷ್ಟ ಬರಬೇಕಿತ್ತು. 1550ಕ್ಕ ಮಾತ್ರ ಹೆಚ್ಚಂದ್ರ ಟ್ರೇನಾಗ ಫೈಬರ್ ಬಿಗಿಯಾಗಿ ಬಾಗೇತಿ, ಇಲ್ಲಾ ಮುಚ್ಚಳದ ಅಂಚಿಗೆ ಸಿಕ್ಕೈತಿ. ಆ ಕ್ಲೋಜರ್ ತಗಸಿ, ಸುತ್ತಿನ ತ್ರಿಜ್ಯ 30 ಮಿಮೀಗಿಂತ ಕಡಿಮಿ ಇರದಂಗ ಮತ್ತ ಸುತ್ತಿಸ್ರಿ. ಮೆಷಿನ್ ಬ್ಯಾಡ, ಅರ್ಧ ತಾಸಿನ ಕೆಲಸ. ಕೋರ್ 5 ಕಡದೈತಿ. ಆಚಿ ತುದಿಯಿಂದ ಅಳದ್ರ 5.7 ಬರಬೇಕು, ಯಾಕಂದ್ರ 11.6 ಮತ್ತು 5.7 ಕೂಡಿದ್ರ 17.3. ಅಷ್ಟ ಬಂದ್ರ ಒಂದೇ ಜಾಗದಾಗ ಕಡದೈತಿ. ಅದಕ್ಕಿಂತ ಕಡಿಮಿ ಬಂದ್ರ ಎರಡು ಕಡೆ ಕಡದೈತಿ, ನಡುವಿನ ತುಂಡು ಎರಡೂ ಬದಿಯಿಂದ ಕಾಣೂದಿಲ್ಲ. 2–4 ಅದಲಿಗೆ ಕ್ಲೋಜರ್ ತಗಿಯೋದು ಬ್ಯಾಡ, ಓಡಿಎಫ್ ಲೇಬಲ್ ತಿದ್ದಿ ದಾಖಲೆಯಾಗ ಬರಸ್ರಿ.

ಓಟಿಡಿಆರ್_ನವನಗರ
17.3 ನೋಡಿ. 14 ಕಿಮೀ ರೂಟ್‌ಗೆ 3.3 ಕಿಮೀ ಹೆಚ್ಚಳ ಬರೀ ಲೂಪ್‌ನಿಂದ ಬರುವುದಿಲ್ಲ. ಕೇಬಲ್ ಪತ್ರದಲ್ಲಿ ಹೇಳಿದ ದಾರಿಯಲ್ಲಿ ಇಲ್ಲ, ಎಲ್ಲೋ ಬಳಸಿ ಹೋಗಿದೆ. ಓಟಿಡಿಆರ್‌ಗೆ ಹಾಕಿದ ಐಓಆರ್ (ಗಾಜಿನ ವಕ್ರೀಭವನ ಅಂಕಿ) 1.468 ಆಸುಪಾಸು ಇದೆಯೇ ಎಂದು ಒಮ್ಮೆ ನೋಡಿ, ಅದು ಸರಿ ಇದ್ದರೆ ಆ್ಯಸ್-ಬಿಲ್ಟ್ (ನಿಜವಾಗಿ ಹಾಕಿದ ದಾರಿಯ) ನಕ್ಷೆ ಕೇಳಿ. ಎರಡನೇ ದಾರಿ ಹುಡುಕುವಾಗ ಈ ಬಳಸು ಎಲ್ಲಿದೆ ಎಂದು ಗೊತ್ತಿರಲೇಬೇಕು. ಇಆರ್ ಲೆಕ್ಕ ಇನ್ನೂ ನಿಲ್ಲುತ್ತದೆ: 5.7, ಮೇಲೆ 3, ಒಟ್ಟು 8.7.

ಕಾಗದ_ಪತ್ರ_ವಿಜಯಪುರ
ಕೋರ್ 3 ಮತ್ತು 5 ಸರಿಯಾಗುವ ತನಕ ಸ್ವೀಕೃತಿ ಪತ್ರಕ್ಕೆ 4 ಕೋರ್ ಎಂದೇ ಸಹಿ ಮಾಡಿ, ಬಿಲ್ ಆ ನಾಲ್ಕಕ್ಕೇ ಶುರುವಾಗಲಿ. 3 ಮತ್ತು 5ಕ್ಕೆ ಪ್ರತ್ಯೇಕ ಸ್ವೀಕೃತಿ, ಪ್ರತ್ಯೇಕ ದಿನಾಂಕ, ಹೊಸ ಎಸ್‌ಓಆರ್ ಫೈಲ್ ಲಗತ್ತು. ಬಾಡಿಗೆ 14 ಕಿಮೀಗೇ ಎಂದು ಈಗಲೇ ಬರೆಸಿ, 17.3ರ ಮಾತು ಬಿಲ್ ಬಂದ ಮೇಲೆ ಏಳುವುದು ಬೇಡ.